ಅಪ್‌ಡೇಟ್: ಕೆಲಸ ಬಿಡದೆ ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಎಂಎ, ಮೊದಲ ವರ್ಷ ಮುಗಿಯಿತು

ಹಾಸನದಿಂದ ಬೇಲೂರು ಕಡೆಯ ಪಂಚಾಯಿತಿಗೆ ದಿನಾ ಓಡಾಡುತ್ತಾ ಎಂಎ ಮಾಡಬಹುದಾ ಅಂತ ಹೋದ ವರ್ಷ ಕೇಳಿದ್ದೆ. ಮಾಡಬಹುದು. ಇಲಾಖೆಯ ಅನುಮತಿ ಪತ್ರ ಮೊದಲೇ ತಗೊಳ್ಳಿ ಅಂದವರಿಗೆ ಥ್ಯಾಂಕ್ಸ್, ಹಾಗೇ ಮಾಡಿದೆ.

ಕೊನೆಗೆ ದೂರಶಿಕ್ಷಣದ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಸೇರಿದೆ. 2 ವರ್ಷದ ಕೋರ್ಸ್, ಆದರೆ 4 ವರ್ಷದವರೆಗೂ ಸಮಯ ಇದೆ. ನನ್ನಂಥವರಿಗೆ ಅದೇ ದೊಡ್ಡ ಧೈರ್ಯ. ಪರೀಕ್ಷೆ ಜೂನ್, ಡಿಸೆಂಬರ್‌ನಲ್ಲಿ. ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70.

ಕಷ್ಟ ಆಗಿದ್ದು ಇಂಗ್ಲಿಷ್. ಪದವಿವರೆಗೂ ಕನ್ನಡದಲ್ಲೇ ಬರೆದವಳು ನಾನು. ಬೆಳಗ್ಗೆ ಐದಕ್ಕೆ ಎದ್ದು, ಒಲೆ ಮೇಲೆ ಹಾಲಿಟ್ಟು, ಒಂದೊಂದು ಪುಟ ಕೈಯಲ್ಲಿ ಬರೆದೆ. ಎರಡು ಸಲ ಹಾಲು ಉಕ್ಕಿತು.

ಆದರೆ ವಿಕೇಂದ್ರೀಕರಣದ, ಅಂದ್ರೆ ಅಧಿಕಾರ ಕೆಳಹಂತಕ್ಕೆ ಹಂಚೋದರ ಪಾಠ ಓದುವಾಗ ಮೈ ಜುಮ್ಮೆಂದಿತು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿ, ಪಂಚಾಯಿತಿಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಾದ ಹನ್ನೊಂದನೇ ಅನುಸೂಚಿಯ 29 ವಿಷಯಗಳು. ಅದರಲ್ಲಿ ಕುಡಿಯುವ ನೀರೂ ಒಂದು, ರಸ್ತೆಯೂ ಇದೆ. ನಾನು ದಿನಾ ರಿಜಿಸ್ಟರಿನಲ್ಲಿ ಬರೆಯೋ ದೂರುಗಳೇ ಅಲ್ವಾ! ಈಗ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಿದರೆ ಸುಮ್ನೆ ತಲೆ ಆಡಿಸಲ್ಲ, ಇದು ಯಾರ ಜವಾಬ್ದಾರಿ ಅಂತ ಬಿಡಿಸಿ ಹೇಳ್ತೀನಿ.

ಮೊದಲ ವರ್ಷದ್ದು ಒಂದು ಪೇಪರ್ ಮಾತ್ರ ಉಳಿದಿದೆ. ಡಿಸೆಂಬರ್‌ನಲ್ಲಿ ಬರೀತೀನಿ.