ಕಿಟಕಿ ಗಾಜಿಗೆ ಕೂರೋ ಈ ಚುಕ್ಕೆ ರೆಕ್ಕೆ ಸೊಳ್ಳೆ ಯಾವ್ದು?

ಹಿತ್ತಲಮನೆ, ದಾವಣಗೆರೆ:
ಒಂದ್ ವಾರದಿಂದ ಅಡುಗೆಮನೆ ಕಿಟಕಿ ಗಾಜಿನ ಒಳಗಡೆ ಬೆಳಗ್ಗೆ ಬೆಳಗ್ಗೆನೇ ಎಂಟ್ಹತ್ತು ಕೂತಿರ್ತಾವೆ, ನೋಡಕ್ಕೆ ಸೊಳ್ಳೆ ಥರಾನೇ, ರೆಕ್ಕೆ ಮೇಲೆ ಕಂದು ಚುಕ್ಕೆ, ಆದ್ರೆ ಇವತ್ತಿನವರೆಗೂ ಒಂದೂ ಕಚ್ಚಿಲ್ಲ. ಅಮ್ಮ ಡೆಂಗ್ಯೂ ಸೊಳ್ಳೆ ಅಂತ ದಿನಾ ಬೇವಿನಸೊಪ್ಪಿನ ಹೊಗೆ ಹಾಕಿ ನಮ್ಮನ್ನೇ ಮನೆಯಿಂದ ಓಡಿಸ್ತಿದಾರೆ. ಫೋಟೋ ಹಾಕಿದೀನಿ ನೋಡ್ರಿ.

ಮಿರ್ಚಿಮಂಡಕ್ಕಿ:
ಚುಕ್ಕೆ ರೆಕ್ಕೆ ಅಂದ್ರೆ ಮಲೇರಿಯಾದ ಅನಾಫಿಲಿಸ್ ಅಲ್ವಾ? ಬ್ಯಾಟ್ ತಗೊಂಡು ಚಟಪಟ ಅನ್ನಿಸಿಬಿಡಿ ಗುರು.

ಕೋಟೆಹುಡುಗ, ಚಿತ್ರದುರ್ಗ:
ಬ್ಯಾಟ್ ಇಡಪ್ಪ ಕೆಳಗೆ 😄 ಅನಾಫಿಲಿಸ್ ಕೂತಾಗ ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತೆ, ಡೆಂಗ್ಯೂದಕ್ಕೆ ಕಾಲಲ್ಲಿ ಬಿಳಿ ಪಟ್ಟಿ ಇರುತ್ತೆ. ಇದು ನೋಡಿ, ರೆಕ್ಕೆ ಒಂದರ ಮೇಲೊಂದು ಮಡಚ್ಕೊಂಡು ಚಪ್ಪಟೆಯಾಗಿ ಕೂತಿದೆ, ರಕ್ತ ಹೀರೋ ಆ ಉದ್ದ ಸೂಜಿಮೂತಿನೂ ಇಲ್ಲ. ಲೆನ್ಸ್ ಇದ್ರೆ ನೆತ್ತಿ ನೋಡಿ, ಮೂರು ಪುಟ್ಟ ಕಣ್ಣು ಕಂಡ್ರೆ ಸೊಳ್ಳೆ ಅಲ್ವೇ ಅಲ್ಲ, ಸೊಳ್ಳೆಗೆ ಅವು ಇರಲ್ಲ. ನನಗನ್ಸೋದು ಇದು ಅನಿಸೊಪೊಡಿಡೆ ಕುಟುಂಬದ ನೊರಜು, ವುಡ್ ನ್ಯಾಟ್ ಅಂತಾರಲ್ಲ ಅದು. ಯುರೋಪಲ್ಲಿ ಇದರದ್ದೊಂದು ಜಾತಿ ಸಿಲ್ವಿಕೋಲ ಫೆನೆಸ್ಟ್ರಾಲಿಸ್, 1763ರಲ್ಲೇ ಸ್ಕೊಪೊಲಿ ಅನ್ನೋ ವಿಜ್ಞಾನಿ ಹೆಸರಿಟ್ಟಿದ್ದು, ಲ್ಯಾಟಿನ್ನಲ್ಲಿ ಫೆನೆಸ್ಟ್ರಾ ಅಂದ್ರೆ ಕಿಟಕಿ! ನಿಮ್ಮನೇದು ಅದೇ ಜಾತಿ ಅಂತ ಫೋಟೋ ನೋಡಿ ಹೇಳೋ ಧೈರ್ಯ ನನಗಿಲ್ಲ. ಸರಿ, ಹತ್ರದಲ್ಲಿ ಏನಾದ್ರೂ ಕೊಳೀತಾ ಇದೆಯಾ?

ಹಿತ್ತಲಮನೆ:
ಇದೆ ಕಣ್ರಿ!! ಕಿಟಕಿ ಕೆಳಗೇ ಕಾಂಪೋಸ್ಟ್ ಬಕೆಟ್, ಹೋದ ತಿಂಗಳು ಕಡಿದ ಬಾಳೆದಿಂಡು ಹಾಕಿದ್ದೆ, ಈಗ ಕಡ್ಡೀಲಿ ಕೆದಕಿದ್ರೆ ಕಾಲಿಲ್ಲದ ಬಿಳಿ ಹುಳ, ದಾರದಷ್ಟು ಸಣ್ಣ, ತಲೆ ಮಾತ್ರ ಕಂದು, ಹಾವಿನಂಗೆ ಹೊರಳ್ತಾವೆ.

ಕೋಟೆಹುಡುಗ:
ಹಂಗಾದ್ರೆ ಅಲ್ಲೇ ಇದೆ ತವರುಮನೆ. ಮರಿಗಳು ಒದ್ದೆ ಕೊಳೆತದ್ದನ್ನ ತಿಂದು ಬೆಳೀತಾವೆ, ಆಮೇಲೆ ರೆಕ್ಕೆ ಬಂದು ಮನೆಯೊಳಗೆ ಸೇರಿದ್ವು ಬೆಳಕು ಕಂಡ ಕಡೆ ಅಂದ್ರೆ ಗಾಜಿಗೆ ಹೋಗಿ ಅಂಟ್ಕೋತಾವೆ. ಇಂಗ್ಲೆಂಡಲ್ಲಿ ಚರಂಡಿ ನೀರು ಶುದ್ಧ ಮಾಡೋ ಕಲ್ಲಿನ ಹಾಸಲ್ಲೂ ಫೆನೆಸ್ಟ್ರಾಲಿಸ್ ಮರಿಗಳು ಇರ್ತಾವೆ, ಕಲ್ಲಿಗೆ ಅಂಟಿದ ಲೋಳೆನ ಮೇಯ್ಕೊಂಡು. ಸ್ಪ್ರೇ ಗಿಪ್ರೇ ಬೇಡ. ಬಕೆಟ್ಟಿಗೆ ಒಣಎಲೆ ಹಾಕಿ ಮಗುಚಿ, ಬಾಯಿಗೆ ತೆಳು ಬಟ್ಟೆ ಕಟ್ಟಿ.

ಹಿತ್ತಲಮನೆ:
ಬಟ್ಟೆ ಕಟ್ಟಿದೆ, ಇವತ್ತು ಗಾಜಿನ ಮೇಲೆ ಎರಡೇ ಇದ್ವು. ಅಮ್ಮನಿಗೆ ಮೂರು ಕಣ್ಣಿನ ವಿಷ್ಯ ಹೇಳಿದ್ದೇ ತಪ್ಪಾಯ್ತು, ಮುಕ್ಕಣ್ಣ ಅಂತ ಹೆಸರಿಟ್ಟು ಈಗ ಹೊಗೆ ಹಾಕಕ್ಕೂ ಒಪ್ತಿಲ್ಲ.