ಹೊಗೆಯಿಲ್ಲದ ಚಿಮಣಿ, ಎರವಲು ನೀರಿನ ನದಿ

ಅಹಮದಾಬಾದಿಗೆ ಹೋಗಿಬಂದ ನಮ್ಮ ಮೂವರನ್ನು, ಕೊನೆಯ ಗಳಿಗೆಯಲ್ಲಿ ಬರಲಾರೆನೆಂದು ಉಳಿದುಕೊಂಡಿದ್ದ ವಕೀಲರು ಕೂತಲ್ಲೇ ಪಾಟೀಸವಾಲಿಗೆ ಎಳೆದರು.

"ಅಲ್ಲಿ ನೀವು ನೋಡಿದ್ದೇನು?"

"ಬಟ್ಟೆ ಗಿರಣಿಗಳ ಚಿಮಣಿಗಳನ್ನು ನೋಡಿದೆವು" ಎಂದರು ಮೇಷ್ಟರು.

"ಹೊಗೆ ಬರುತ್ತಿತ್ತೋ?"

"ಇಲ್ಲ. ಬಹುಪಾಲು ಗಿರಣಿಗಳು 1980 ಮತ್ತು 1990ರ ದಶಕಗಳಲ್ಲೇ ಮುಚ್ಚಿಹೋದವು."

"ಮತ್ತೇನು ನೋಡಿದಿರಿ?"

"ಸಾಬರಮತಿ ನದಿಯನ್ನು ನೋಡಿದೆವು. ಈ ದಡದಿಂದ ಆ ದಡದವರೆಗೆ ತುಂಬಿ ನಿಂತಿತ್ತು" ಎಂದು ರಾಯರು ಕೈಯಗಲಿಸಿದರು.

"ಆ ನೀರು ಸಾಬರಮತಿಯದೋ?"

ರಾಯರು ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಲೆಕ್ಕದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಮಳೆಗಾಲ ಬಿಟ್ಟರೆ ಬಹುಮಟ್ಟಿಗೆ ನರ್ಮದೆಯದು" ಎಂದು ಕನ್ನಡಕ ಒರೆಸಿಕೊಂಡರು.

"ಹಾಗಾದರೆ ಹೊಗೆಯಿಲ್ಲದ ಚಿಮಣಿಯನ್ನೂ ಸಾಬರಮತಿಯಲ್ಲದ ಸಾಬರಮತಿಯನ್ನೂ ನೋಡುವುದಕ್ಕೆ ಮೂವರು ವಿದ್ಯಾವಂತರು ರೈಲು ಚಾರ್ಜು ತೆತ್ತು ಅಷ್ಟು ದೂರ ಹೋಗಿದ್ದಿರಿ ಎಂದು ಬರೆದುಕೊಳ್ಳಲೇ?" ಎಂದು ವಕೀಲರು ಕುರ್ಚಿಗೆ ಒರಗಿದರು.

ಇಷ್ಟಕ್ಕೆ ನಾವು ಒಗ್ಗಟ್ಟಾಗಿ ಉತ್ತರ ಕೊಡಬೇಕಾಗಿತ್ತು. ಆದರೆ ಅಹಮದಾಬಾದಿನಲ್ಲಿ ಇಳಿದ ದಿನದಿಂದಲೇ ನಮ್ಮಲ್ಲಿ ಎರಡು ಪಕ್ಷಗಳಾಗಿದ್ದವು. ಪಶ್ಚಿಮ ದಡದ ಪಕ್ಷಕ್ಕೆ ರಾಯರು ನಾಯಕರು. ನದೀತೀರದ ವಿಹಾರಪಥ, ಗಾಂಧೀಜಿಯವರ ಆಶ್ರಮ, 2022ರಲ್ಲಿ ತೆರೆದ ಗಾಳಿಪಟದ ಬಣ್ಣಗಳ ಅಟಲ್ ಕಾಲುಸೇತುವೆ, ಇವಿಷ್ಟನ್ನು ನೋಡಿ ಮುಗಿಸಿದರೆ ಊರನ್ನು ನೋಡಿದಂತೆಯೇ ಎಂಬುದು ಅವರ ಸಿದ್ಧಾಂತ. ಪೂರ್ವ ದಡದ ಪಕ್ಷ ಮೇಷ್ಟರದು. ಕೋಟೆಯೊಳಗಿನ ಹಳೆಯ ಊರು, ಅದರಾಚೆ ರೈಲು ಹಳಿಗಳ ಮಗ್ಗುಲಿನ ಸರಸಪುರ, ಗೋಮತಿಪುರದ ಗಿರಣಿಕೇರಿಗಳು, ಇವನ್ನು ಬಿಟ್ಟವನು ಅಹಮದಾಬಾದಿನ ಮುಖ ನೋಡಿ ಬಂದನೇ ಹೊರತು ಅದರ ದುಡಿಮೆಯನ್ನಲ್ಲ ಎಂಬುದು ಅವರ ವಾದ. ನನ್ನ ಒಲವು ಮೇಷ್ಟರ ಕಡೆಗಿತ್ತು. ಆದರೆ ಪ್ರವಾಸದ ದುಡ್ಡು ರಾಯರ ಕಿಸೆಯಲ್ಲಿದ್ದುದರಿಂದ ಆಗ ಬಾಯಿಬಿಟ್ಟಿರಲಿಲ್ಲ.

"ನೀರು ಯಾರದಾದರೇನು? ನೀರೇ ಇಲ್ಲದ ನದಿಗಿಂತ ವಾಸಿಯಲ್ಲವೇ?" ಎಂದು ರಾಯರು ತಮ್ಮ ಪಕ್ಷವನ್ನು ಮಂಡಿಸಿದರು. ಅರಾವಳಿಯಲ್ಲಿ ಹುಟ್ಟುವ ಸಾಬರಮತಿ ಮಳೆಗಾಲದಲ್ಲಿ ಉಕ್ಕಿ ಹರಿದು ಉಳಿದ ಕಾಲದಲ್ಲಿ ಮರಳಾಗಿ ಬಿದ್ದಿರುತ್ತಿತ್ತಂತೆ. ಊರಿನ ಕೆಳಗೆ 1976ರಲ್ಲಿ ವಾಸಣಾ ಎಂಬಲ್ಲಿ ಅಡ್ಡಕಟ್ಟೆ ಬಂತು. ಊರಿನ ಮೇಲ್ಗಡೆ ನರ್ಮದೆಯ ಮುಖ್ಯ ಕಾಲುವೆ ಸಾಬರಮತಿಯನ್ನು ದಾಟಿ ಹೋಗುವಲ್ಲಿ ನೀರನ್ನು ನದಿಗೆ ಬಿಡುವ ವ್ಯವಸ್ಥೆಯಾಯಿತು. ನಡುವೆ ಎರಡೂ ದಡಗಳಿಗೆ ಕಾಂಕ್ರೀಟಿನ ಗೋಡೆ ಕಟ್ಟಿ, ಎಲ್ಲೆಂದರಲ್ಲಿ ಅಗಲವಾಗಿಯೂ ಕಿರಿದಾಗಿಯೂ ಹರಿಯುತ್ತಿದ್ದ ನದಿಯನ್ನು ಸುಮಾರು 263 ಮೀಟರಿನ ಒಂದೇ ಅಗಲಕ್ಕೆ ತಂದು, ದಡಗಳುದ್ದಕ್ಕೂ ಹನ್ನೊಂದು ಕಿಲೋಮೀಟರಿನಷ್ಟು ನಡೆದಾಡುವ ಜಾಗ ಮಾಡಿದರು.

"ಅದಕ್ಕೆ ಮೊದಲು ಆ ಮರಳಿನಲ್ಲಿ ಏನಿತ್ತು?" ಎಂದು ವಕೀಲರು ಕೇಳಿದರು.

"ಎಲ್ಲವೂ ಇತ್ತು" ಎಂದರು ಮೇಷ್ಟರು. "ತರಕಾರಿ ಬೆಳೆಯುತ್ತಿದ್ದರು, ಬಟ್ಟೆ ಒಗೆದು ಹರವುತ್ತಿದ್ದರು, ಭಾನುವಾರದ ಗುಜರಿ ಸಂತೆ ಕೂಡುತ್ತಿತ್ತು, ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಸರ್ಕಸ್ಸಿನವರು ಡೇರೆ ಹಾಕುತ್ತಿದ್ದರು."

"ನದಿಯೊಳಗೆ ಸರ್ಕಸ್ಸೇ?"

"ಆನೆಗಳಿಗೆ ಅಷ್ಟು ವಿಶಾಲವಾದ ಜಾಗ ಊರೊಳಗೆ ಬೇರೆಲ್ಲಿ ಸಿಗಬೇಕು?" ಎಂದ ಮೇಷ್ಟರು ಕೂಡಲೇ ದನಿ ತಗ್ಗಿಸಿ, ದಡದ ಗುಡಿಸಲುಗಳಲ್ಲಿದ್ದ ಸಾವಿರಾರು ಕುಟುಂಬಗಳನ್ನು ಊರಂಚಿಗೆ ಸಾಗಿಸಿದ ಮೇಲೆಯೇ ರಾಯರ ಹನ್ನೊಂದು ಕಿಲೋಮೀಟರ್ ಸಿದ್ಧವಾಯಿತೆಂಬುದನ್ನೂ ಸೇರಿಸಿದರು. ಗುಜರಿ ಸಂತೆಗೇನೋ ಅದೇ ನದೀತೀರದಲ್ಲಿ ಹೊಸ ಕಟ್ಟೆಗಳಾಗಿವೆ. ಮನುಷ್ಯರ ವಿಷಯದಲ್ಲಿ ಲೆಕ್ಕ ಅಷ್ಟು ಸಲೀಸಾಗಿ ತಾಳೆಯಾಗಲಿಲ್ಲ.

ತಾಳೆಯ ಮಾತು ಕಿವಿಗೆ ಬಿದ್ದದ್ದೇ ತಡ, ರಾಯರು ಎಲಿಸ್ ಸೇತುವೆಯ ಪ್ರಸಂಗಕ್ಕೆ ಹಾರಿದರು. ಇಡೀ ಪ್ರವಾಸದಲ್ಲಿ ಅವರ ಕಣ್ಣಲ್ಲಿ ನೀರು ತರಿಸಿದ ಸ್ಥಳವೆಂದರೆ ಅದೊಂದೇ. ಸಾಬರಮತಿಗೆ ಬ್ರಿಟಿಷ್ ಇಂಜಿನಿಯರುಗಳು 1870ರ ಸುಮಾರಿಗೆ ಕಟ್ಟಿದ ಮರದ ಸೇತುವೆ 1875ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆಮೇಲೆ ಹಿಮ್ಮತಲಾಲ್ ಧೀರಜರಾಮ್ ಭಚೇಚ್ ಎಂಬ ಇಂಜಿನಿಯರರು 1892ರಲ್ಲಿ ಉಕ್ಕಿನ ಕಮಾನುಗಳ ಸೇತುವೆಯನ್ನು ಕಟ್ಟಿ ನಿಲ್ಲಿಸಿದರು. ಅಂದಾಜು 5,49,210 ರೂಪಾಯಿ. ಖರ್ಚಾದದ್ದು 4,07,564 ರೂಪಾಯಿ.

"ಅಷ್ಟು ಹಣ ಉಳಿಸಿದ್ದಕ್ಕೆ ಸರ್ಕಾರ ಏನು ಮಾಡಿತು ಗೊತ್ತೇ?" ಎಂದು ರಾಯರು ನಡುಗುವ ದನಿಯಲ್ಲಿ ಕೇಳಿದರು.

"ಸನ್ಮಾನ ಮಾಡಿರಬೇಕು."

"ವಿಚಾರಣೆ ಮಾಡಿತು! ಇಷ್ಟು ಕಡಿಮೆಗೆ ಮುಗಿದಿದೆಯೆಂದರೆ ಕಳಪೆ ಸಾಮಾನು ಹಾಕಿರಲೇಬೇಕೆಂದು ಸಮಿತಿ ನೇಮಿಸಿ ಪರೀಕ್ಷಿಸಿದರೆ, ಕೆಲಸ ಉತ್ತಮ ದರ್ಜೆಯದೆಂದು ತೀರ್ಮಾನವಾಯಿತು. ಆಮೇಲೆ ಅವರಿಗೆ ರಾವ್‌ಸಾಹೇಬ್ ಬಿರುದು ಕೊಟ್ಟರು."

"ಅಂದಾಜಿಗಿಂತ ಹೆಚ್ಚು ಖರ್ಚು ಮಾಡಿದ್ದರೆ ಯಾರೂ ಅನುಮಾನ ಪಡುತ್ತಿರಲಿಲ್ಲ" ಎಂದು ವಕೀಲರು ಅನುಭವಸ್ಥರಂತೆ ತಲೆಯಾಡಿಸಿದರು. ಈಗ ವಾಹನಗಳೆಲ್ಲ ಇಕ್ಕೆಲದ ಕಾಂಕ್ರೀಟ್ ಸೇತುವೆಗಳ ಮೇಲೆ ಓಡುತ್ತವೆ. ಹಳೆಯದು ನಡುವೆ ಕಮಾನು ಬಾಗಿಸಿಕೊಂಡು ಸುಮ್ಮನೆ ನಿಂತಿದೆ. ರಾಯರು ಅದರ ಮುಂದೆ ಕೈಮುಗಿದು ನಿಂತಿದ್ದನ್ನು ದಾರಿಹೋಕರು ಏನೆಂದು ತಿಳಿದರೋ ಕಾಣೆ.

ಗಿರಣಿಗಳ ಕಡೆಗೆ ಮಾತು ಹೊರಳಿಸಲು ಮೇಷ್ಟರು ಊರಿನ ಹುಟ್ಟಿನಿಂದಲೇ ಆರಂಭಿಸಿದರು. ಸುಲ್ತಾನ ಅಹಮದ್ ಷಾ 1411ರಲ್ಲಿ ಕೋಟೆ ಕಟ್ಟಿಸತೊಡಗಿದಾಗ, ಮಾಣೆಕನಾಥನೆಂಬ ಬಾಬಾ ಹಗಲೆಲ್ಲ ಚಾಪೆ ಹೆಣೆದು ರಾತ್ರಿ ಅದನ್ನು ಬಿಚ್ಚುತ್ತಿದ್ದನಂತೆ. ಅವನು ಎಳೆ ಬಿಚ್ಚಿದಂತೆಲ್ಲ ಹಗಲು ಕಟ್ಟಿದ ಗೋಡೆ ರಾತ್ರಿ ಉರುಳುತ್ತಿತ್ತಂತೆ. ಇದು ಐತಿಹ್ಯ. ಆದರೂ ಮೇಷ್ಟರು ಅದಕ್ಕೊಂದು ಭಾಷ್ಯ ಬರೆದಿದ್ದಾರೆ: "ನೇಯುವ ಕೈ ನಿಂತರೆ ಈ ಊರಿನ ಗೋಡೆ ನಿಲ್ಲುವುದಿಲ್ಲವೆಂದು ಆಡಳಿತಕ್ಕೆ ಮೊದಲ ದಿನವೇ ನೋಟೀಸು ಕೊಟ್ಟವನು ಆತ. ಅದು ಅಹಮದಾಬಾದಿನ ಮೊದಲ ಮುಷ್ಕರ."

"ಬಾಬಾನ ಬೇಡಿಕೆಗಳೇನಿದ್ದವು?"

"ಅದನ್ನು ಕೇಳುವ ಮೊದಲೇ, ನಿನ್ನ ಮಹಿಮೆ ನಿಜವಾದರೆ ಈ ಪುಟ್ಟ ಮಡಕೆಯೊಳಗೆ ಹೊಕ್ಕು ತೋರಿಸು ಎಂದು ಪುಸಲಾಯಿಸಿ, ಹೊಕ್ಕ ಮೇಲೆ ಬಾಯಿ ಮುಚ್ಚಿಬಿಟ್ಟರಂತೆ. ಆಮೇಲೆ ಕೋಟೆಯ ಒಂದು ಬುರುಜಿಗೂ ಒಂದು ಚೌಕಕ್ಕೂ ಅವನ ಹೆಸರಿಟ್ಟರು."

"ಮುಷ್ಕರ ಮುರಿದು ನಾಯಕನ ಹೆಸರನ್ನು ವೃತ್ತಕ್ಕಿಡುವುದು ಆ ಕಾಲದಿಂದಲೂ ಇದೆಯೆನ್ನಿ" ಎಂದರು ವಕೀಲರು. ಆ ಮಾಣೆಕ್ ಚೌಕದಲ್ಲಿ ಮಧ್ಯಾಹ್ನ ಚಿನ್ನ ಬೆಳ್ಳಿಯ ವ್ಯಾಪಾರ, ರಾತ್ರಿ ತಿಂಡಿಯ ವ್ಯಾಪಾರ. ಹತ್ತಿ, ರೇಷ್ಮೆ, ಚಿನ್ನ ಎಂಬ ಮೂರು ಎಳೆಗಳಿಂದ ಊರು ತೂಗುತ್ತಿದೆಯೆಂಬ ಹಳೆಯ ಮಾತಿಗೆ ಬೆಣ್ಣೆ ಎಂಬ ನಾಲ್ಕನೆಯ ಎಳೆಯನ್ನು ಸೇರಿಸಬೇಕೆಂದು, ಪಾವ್‌ಭಾಜಿಯ ಕಾವಲಿಯ ಮುಂದೆ ನಿಂತು ಅದರ ಮೇಲೆ ಬಿದ್ದ ಗಡ್ಡೆಯನ್ನು ನೋಡಿದಾಗ ನನಗನ್ನಿಸಿತು.

ಮೊದಲ ಗಿರಣಿ ತೆರೆದದ್ದು 1861ರಲ್ಲಿ. ತೆರೆದವರು ರಣಛೋಡಲಾಲ್ ಛೋಟಾಲಾಲ್. ಸರ್ಕಾರಿ ನೌಕರಿ ಮಾಡಿ ಬಿಟ್ಟ ನಾಗರ ಬ್ರಾಹ್ಮಣರು. ಊರಿಗೆ ರೈಲು ಬಂದದ್ದು 1864ರಲ್ಲಾದ್ದರಿಂದ, ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಯಂತ್ರಗಳನ್ನು ಖಂಭಾತಿನ ಬಂದರಿನಿಂದ ಎತ್ತಿನಗಾಡಿಗಳ ಮೇಲೆ ಹೇರಿ ತರಬೇಕಾಯಿತು. "ಭಾರತದ ಮ್ಯಾಂಚೆಸ್ಟರ್ ಎಂದು ಆಮೇಲೆ ಹೊಗಳಿಸಿಕೊಂಡ ಊರಿನ ಕೈಗಾರಿಕಾ ಕ್ರಾಂತಿ ಎತ್ತಿನ ಬಾಲ ಹಿಡಿದುಕೊಂಡು ಒಳಗೆ ಬಂತು" ಎಂದು ಮೇಷ್ಟರು ನಕ್ಕರು. ಅದೇ ರಣಛೋಡಲಾಲರು ಮುಂದೆ ನಗರಸಭೆಯ ಅಧ್ಯಕ್ಷರಾಗಿ ನಲ್ಲಿ ನೀರು ತರುತ್ತೇನೆ, ನೆಲದಡಿಯ ಚರಂಡಿ ಮಾಡಿಸುತ್ತೇನೆ ಎಂದು ಹೊರಟಾಗ ತೆರಿಗೆದಾರರು ಗದ್ದಲವೆಬ್ಬಿಸಿದರು. ಪೋಳ್ ಎಂದು ಕರೆಯುವ ಹಳೆಯ ಓಣಿಗಳ ಮನೆಗಳಲ್ಲಿ ಅಂಗಳದ ಕೆಳಗೆ ಮಳೆನೀರು ತುಂಬಿಡುವ ಟಾಂಕಾ ಇರುವುದನ್ನು ನೋಡಿದರೆ, ಗದ್ದಲಕ್ಕೂ ಕಾರಣವಿತ್ತೇನೋ ಎನ್ನಿಸುತ್ತದೆ.

ಪೋಳ್‌ಗಳಲ್ಲಿ ಮಾತ್ರ ನಮ್ಮ ಎರಡೂ ಪಕ್ಷಗಳಿಗೆ ತಾತ್ಕಾಲಿಕ ರಾಜಿಯಾಗಿತ್ತು. ಕಾಲೂಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಗೆ ಮುಟ್ಟಿಸುವ ಬೆಳಗಿನ ಪಾರಂಪರಿಕ ನಡಿಗೆಯನ್ನು ನಗರಪಾಲಿಕೆಯವರು 1997ರಿಂದ ನಡೆಸುತ್ತಿದ್ದಾರೆ. 2017ರಲ್ಲಿ ಈ ಹಳೆಯ ಊರು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಭಾರತದ ಯಾವ ಊರಿಗೂ ಅದಕ್ಕೆ ಮೊದಲು ಆ ಪಟ್ಟ ಸಿಕ್ಕಿರಲಿಲ್ಲ. ಕೆತ್ತನೆಯ ಮರದ ತೊಲೆಗಳು, ಹಕ್ಕಿಗಳಿಗೆ ಕಾಳು ಹಾಕಲು ಕಂಬದ ಮೇಲೆ ಕಟ್ಟಿದ ಚಬೂತರೆಗಳು, ಮುಚ್ಚಿದ ಬಾಗಿಲೆಂದುಕೊಂಡದ್ದನ್ನು ತಳ್ಳಿದರೆ ಇನ್ನೊಂದು ಓಣಿಗೆ ತೆರೆಯುವ ಗುಪ್ತದಾರಿಗಳು. ಗುಜರಾತಿ ಕವಿ ದಲಪತರಾಮರ ಮನೆಯಿದ್ದ ಜಾಗದಲ್ಲಿ ಅವರು ಕೂತಿರುವಂತೆ ಮಾಡಿದ ಕಂಚಿನ ವಿಗ್ರಹವಿದೆ. ನಡೆದು ದಣಿದಿದ್ದ ರಾಯರು ಪಕ್ಕದಲ್ಲಿ ಕೂತು, "ಸ್ವಲ್ಪ ಸರಿಯಿರಿ" ಎಂದು ಕನ್ನಡದಲ್ಲೇ ಕೇಳಿಕೊಂಡರು. ಉತ್ತರ ಬಾರದಿದ್ದಾಗ ಗುಜರಾತಿಗಳಿಗೆ ಕನ್ನಡ ಬಾರದೆಂದು ನಮ್ಮ ಕಡೆಗೆ ತಿರುಗಿ ಸಮಾಧಾನ ಹೇಳಿದರು.

"ಆಶ್ರಮವನ್ನಾದರೂ ನನ್ನ ಪಕ್ಷಕ್ಕೆ ಬಿಡಿ" ಎಂದರು ಈಗ ರಾಯರು.

"ಅದೂ ಸಾಧ್ಯವಿಲ್ಲ" ಎಂದರು ಮೇಷ್ಟರು. ಆಶ್ರಮ 1917ರಲ್ಲಿ ಸಾಬರಮತಿಯ ದಡಕ್ಕೆ ಬಂತು. ಜೈಲು ಹತ್ತಿರದಲ್ಲಿರುವುದೇ ಆ ಜಾಗದ ವಿಶೇಷ ಆಕರ್ಷಣೆಯೆಂದು ಗಾಂಧೀಜಿಯವರೇ ಬರೆದಿದ್ದಾರೆ. ಮನೆ ಹುಡುಕುವಾಗ ಹೀಗೆ ಯೋಚಿಸಿದವರು ಇನ್ನೊಬ್ಬರಿರಲಾರರು. ಅದರ ಮರುವರ್ಷವೇ, ಪ್ಲೇಗಿಗೆ ಹೆದರಿ ಕಾರ್ಮಿಕರು ಊರು ಬಿಡದಿರಲೆಂದು ಗಿರಣಿಗಳು ಕೊಡುತ್ತಿದ್ದ ಭತ್ಯೆಯನ್ನು ನಿಲ್ಲಿಸಿದ ಜಗಳ ಎದ್ದಿತು. ಕೂಲಿಯಲ್ಲಿ ನೂರಕ್ಕೆ 35ರಷ್ಟು ಹೆಚ್ಚಳ ಬೇಕೆಂದು ಕಾರ್ಮಿಕರು, 20ಕ್ಕಿಂತ ಒಂದು ಕಾಸೂ ಹೆಚ್ಚಿಲ್ಲವೆಂದು ಮಾಲೀಕರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಜೊತೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ. ನದೀತೀರದ ಜಾಲಿ ಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು. ಹಸಿವಿನಿಂದ ಕಾರ್ಮಿಕರ ಪಟ್ಟು ಸಡಿಲವಾಗುತ್ತಿದ್ದಂತೆ ಗಾಂಧೀಜಿ ಮಾರ್ಚ್ 15ರಂದು ಉಪವಾಸ ಕೂತರು. ಮೂರು ದಿನಗಳಲ್ಲಿ ರಾಜಿಯಾಯಿತು.

"ಅಕ್ಕ ತಮ್ಮಂದಿರ ವ್ಯಾಜ್ಯವೆಂದರೆ ನಮ್ಮಲ್ಲಿ ಮೂರು ತಲೆಮಾರು ನಡೆಯಬೇಕು" ಎಂದು ವಕೀಲರು ವೃತ್ತಿಯ ವ್ಯಸನದಿಂದ ನಿಟ್ಟುಸಿರಿಟ್ಟರು. "ರಾಜಿ ಎಷ್ಟಕ್ಕೆ?"

"ಮೊದಲ ದಿನ ಕಾರ್ಮಿಕರ ಮಾತಿನಂತೆ 35, ಎರಡನೆಯ ದಿನ ಮಾಲೀಕರ ಮಾತಿನಂತೆ 20, ಮೂರನೆಯ ದಿನದಿಂದ ಎರಡರ ನಡುವಿನ ಇಪ್ಪತ್ತೇಳೂವರೆ. ಮುಂದಿನದನ್ನು ಪಂಚರು ತೀರ್ಮಾನಿಸುವುದು."

ಇಷ್ಟು ಸೊಗಸಾದ ಒಪ್ಪಂದವನ್ನು ತಾನು ಬರೆಯಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ವಕೀಲರ ಮುಖದಲ್ಲಿ ಸ್ಪಷ್ಟವಾಗಿ ಕಂಡಿತು.

ಮೇಷ್ಟರು ಬಿಡದೆ ಮುಂದುವರಿಸಿದರು. ಪಶ್ಚಿಮ ದಡದಲ್ಲಿ ರಾಯರು ಬಾಯಿಬಿಟ್ಟುಕೊಂಡು ನೋಡಿದ, 1954ರಲ್ಲಿ ಮುಗಿದ ಲ ಕಾರ್ಬೂಸಿಯೇ ಅವರ ಕಾಂಕ್ರೀಟ್ ಕಟ್ಟಡ ಯಾರದು? ಗಿರಣಿ ಮಾಲೀಕರ ಸಂಘದ್ದು. ಅದರೊಳಗಿಂದ ನದಿಯ ಮರಳಿನಲ್ಲಿ ಬಟ್ಟೆ ತೊಳೆದು ಒಣಗಿಸುವವರು ಕಾಣಲಿ ಎಂಬುದು ಆ ವಾಸ್ತುಶಿಲ್ಪಿಯ ಆಸೆಯಾಗಿತ್ತು. ಅಂಬಾಲಾಲರ ಮಗ ವಿಕ್ರಮ್ ಸಾರಾಭಾಯಿ ರಾಕೆಟ್ಟಿಗೆ ಕೈಹಾಕುವ ಮೊದಲೇ ಇಲ್ಲಿ ಬಟ್ಟೆ ಉದ್ಯಮದ ಸಂಶೋಧನಾ ಸಂಸ್ಥೆ ಕಟ್ಟಲು ನಿಂತಿದ್ದರು. ಇಳಾ ಭಟ್ಟರು 1972ರಲ್ಲಿ ಕಟ್ಟಿದ ಸೇವಾ ಎಂಬ ಮಹಿಳಾ ಸಂಘಟನೆ ಹುಟ್ಟಿದ್ದೂ ಗಿರಣಿ ಕಾರ್ಮಿಕರ ಸಂಘವಾದ ಮಜೂರ್ ಮಹಾಜನದ ಮಡಿಲಿನಲ್ಲೇ. ಹಳೆಯ ಯಂತ್ರಗಳು, ಪವರ್‌ಲೂಮಿನ ಅಗ್ಗದ ಬಟ್ಟೆ, ಪಾಲಿಯೆಸ್ಟರ್, ಇವೆಲ್ಲ ಸೇರಿ ಗಿರಣಿಗಳನ್ನು ಮುಳುಗಿಸಿದಾಗ ಎಷ್ಟೋ ಮಂದಿ ಆಟೋ ಹತ್ತಿದರು, ಎಷ್ಟೋ ಮನೆಗಳು ಹೆಂಗಸರ ಹೊಲಿಗೆಯ ಮೇಲೆ ನಿಂತವು. ಗೋಮತಿಪುರದ ಕಡೆ ನಾವು ಕಂಡ ಒಂದು ಇಟ್ಟಿಗೆಯ ಚಿಮಣಿಯ ತುದಿಯಲ್ಲಿ ಅರಳಿಯ ಗಿಡ ಬೇರುಬಿಟ್ಟಿತ್ತು. ಬುಡದಲ್ಲಿ ಮೂವರು ಮುದುಕರು ಇಸ್ಪೀಟಾಡುತ್ತ, ಇಲ್ಲಿ ನೋಡುವಂಥದ್ದು ಏನಿದೆಯೆಂದು ನಮ್ಮನ್ನೇ ಕೇಳಿದರು.

"ಬಟ್ಟೆಯನ್ನು ನೋಡಿದಿರೋ ಇಲ್ಲವೋ?" ಎಂದರು ವಕೀಲರು.

ಶಾಹಿಬಾಗಿನ ಕ್ಯಾಲಿಕೊ ವಸ್ತ್ರಸಂಗ್ರಹಾಲಯಕ್ಕೆ ಮುಂಗಡವಾಗಿ ಹೆಸರು ಬರೆಸಬೇಕು, ಒಂದು ದಿನಕ್ಕೆ ಕೆಲವೇ ಜನರಿಗೆ ಪ್ರವೇಶ, ಒಳಗೆ ಫೋಟೋ ತೆಗೆಯುವಂತಿಲ್ಲ. ಈ ಕೊನೆಯ ಷರತ್ತು ಕೇಳಿ ರಾಯರು, ಹೋದದ್ದಕ್ಕೆ ವೋಚರೇ ಇಲ್ಲದ ಖರ್ಚನ್ನು ತಾವು ಮಂಜೂರು ಮಾಡುವುದಿಲ್ಲವೆಂದು ಹಟ ಹಿಡಿದದ್ದರಿಂದ ಅದು ತಪ್ಪಿಹೋಗಿತ್ತು.

"ಹಾಗಾದರೆ ಮತ್ತೊಮ್ಮೆ ಹೋಗಲೇಬೇಕು, ಈ ಸಲ ನಾನೂ ಬರುತ್ತೇನೆ" ಎಂದು ವಕೀಲರು ಕಾಗದ ಪೆನ್ನು ತೆಗೆದರು. "ಜಗಳ ಬೇಡ. ಮೊದಲ ದಿನ ಮೇಷ್ಟರ ಗಿರಣಿಕೇರಿ, ಎರಡನೆಯ ದಿನ ರಾಯರ ನದೀತೀರ, ಮೂರನೆಯ ದಿನದಿಂದ ಬೆಳಿಗ್ಗೆ ಅದು ಸಂಜೆ ಇದು. ಉಳಿದದ್ದನ್ನು ಪಂಚರಿಗೆ ಬಿಡೋಣ. ಒಪ್ಪಿಗೆಯೇ?"

ಮೇಷ್ಟರು ತುಟಿಪಿಟಕ್ಕೆನ್ನದೆ ಸಹಿ ಹಾಕಿದರು. ವಾದವಿಲ್ಲದೆ ಅವರು ಯಾವುದಕ್ಕೂ ಒಪ್ಪಿದ್ದನ್ನು ಕಂಡರಿಯದ ರಾಯರು ಪೆನ್ನನ್ನು ಅರ್ಧದಲ್ಲೇ ತಡೆದು ಅನುಮಾನದಿಂದ ಕೇಳಿದರು: "ಅಂದಹಾಗೆ, ಆ 1918ರ ಪಂಚರು ಕೊನೆಗೆ ಎಷ್ಟು ಕೊಟ್ಟರು?"

"ಪೂರ್ತಿ 35" ಎಂದೆ ನಾನು.

ರಾಯರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಳಿಸಿದರು.