‘ದಿ ಶೈನಿಂಗ್’ (1980): 144 ನಿಮಿಷದ್ದು ನೋಡಬೇಕಾ, 119ರದ್ದಾ? ಅಭಿಪ್ರಾಯ ಯಾಕೆ ಇಷ್ಟು ಒಡೆದಿದೆ?

ಹಿಂದಿನ_ಸಾಲು ಕೇಳಿದ್ದು:

ನಮ್ಮ ಬಳಗದಲ್ಲಿ ಹಳೇ ಸಿನಿಮಾಗಳನ್ನ ಪ್ರೊಜೆಕ್ಟರ್ ಹಾಕಿ ತೋರಿಸ್ತೀವಿ. ಮುಂದಿನದು ನಿರ್ದೇಶಕ ಕುಬ್ರಿಕ್‌ನ ‘ದಿ ಶೈನಿಂಗ್’, ಚಳಿಗಾಲಕ್ಕೆ ಮುಚ್ಚಿದ ಹೋಟೆಲ್ ಕಾಯೋಕೆ ಹೋಗೋ ಜ್ಯಾಕ್, ಅವನ ಹೆಂಡತಿ ವೆಂಡಿ, ಮಗ ಡ್ಯಾನಿಯ ಕಥೆ. ನೋಡಿದವರನ್ನ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ರಾಗ. ಇದಕ್ಕಿಂತ ಭಯಾನಕ ಚಿತ್ರ ಇಲ್ಲ ಅಂತಾರೆ ಕೆಲವರು. ಎರಡೂವರೆ ಗಂಟೆ ಬರೀ ಕಾರಿಡಾರ್ ತೋರಿಸ್ತಾನೆ, ದೆವ್ವ ಎಲ್ಲಿ ಅಂತಾರೆ ಇನ್ನು ಕೆಲವರು. ಕಾದಂಬರಿ ಓದಿದವರ ಸಿಟ್ಟೇ ಬೇರೆ. ಎರಡು ಅವಧಿಯ ಆವೃತ್ತಿ ಇದೆಯಂತೆ, ಯಾವುದು ಹಾಕೋದು? ಹೊಸಬರಿಗೆ ಬೇಜಾರಾಗದ ಹಾಗೆ ತೋರಿಸೋಕೆ ಏನು ಗಮನಿಸಬೇಕು?

ರೀಲು_ಪೆಟ್ಟಿಗೆ:

144ರದ್ದೇ ಹಾಕಿ. 1980ರ ಮೇ 23ಕ್ಕೆ ಅಮೆರಿಕದಲ್ಲಿ ಬಿಡುಗಡೆಯಾದಾಗ ಕೊನೆಗೆ ಇನ್ನೊಂದು ದೃಶ್ಯ ಇತ್ತು. ಆಸ್ಪತ್ರೆಯಲ್ಲಿರೋ ವೆಂಡಿಯನ್ನ ನೋಡೋಕೆ ಹೋಟೆಲ್ ಮ್ಯಾನೇಜರ್ ಉಲ್‌ಮನ್ ಬರ್ತಾನೆ. ಕೆಲವೇ ದಿನದಲ್ಲಿ ಕುಬ್ರಿಕ್ ಅದನ್ನ ಥಿಯೇಟರ್‌ಗಳಲ್ಲಿ ಓಡ್ತಿದ್ದ ಪ್ರಿಂಟ್‌ಗಳಿಂದಲೇ ತೆಗೆಸಿಬಿಟ್ಟ. ಆಮೇಲೆ ಬ್ರಿಟನ್, ಯುರೋಪಿಗೆ ಅಂತ ಮತ್ತೆ 25 ನಿಮಿಷ ಇಳಿಸಿದ. ಎರಡಕ್ಕೂ ಕತ್ತರಿ ಹಾಕಿದ್ದು ನಿರ್ದೇಶಕನೇ ಆದ್ದರಿಂದ ‘ಅಸಲಿ ಯಾವುದು’ ಅನ್ನೋ ಜಗಳ ಬೇಡ. ಏನು ಹೋಗಿದೆ ಅಂತ ನೋಡಿ.

ದೊಡ್ಡ ನಷ್ಟ ಡಾಕ್ಟರ್ ದೃಶ್ಯ. ಡ್ಯಾನಿಗೆ ಪ್ರಜ್ಞೆ ತಪ್ಪಿದ ಮೇಲೆ ಮನೆಗೆ ಬಂದ ಡಾಕ್ಟರ್ ಎದುರು ವೆಂಡಿ ಸಿಗರೇಟ್ ಹಿಡಿದು ಕೂತಿದ್ದಾಳೆ, ಬೂದಿ ಉದ್ದಕ್ಕೆ ಬೆಳೆದಿದ್ದರೂ ಕೊಡವೋದು ಮರೆತಿದ್ದಾಳೆ. ಗಂಡ ಕುಡಿದು ಬಂದು ಮಗುವಿನ ತೋಳು ಎಳೆದಾಗ ಭುಜದ ಕೀಲು ತಪ್ಪಿದ್ದನ್ನ ಏನೂ ಆಗಿಲ್ಲ ಅನ್ನೋ ಹಾಗೆ ನಗ್ತಾ ಹೇಳ್ತಾಳೆ. ಆವತ್ತೇ ಕುಡಿತ ಬಿಡ್ತೀನಿ ಅಂದ, ಐದು ತಿಂಗಳಾಯ್ತು ಮುಟ್ಟಿಲ್ಲ ಅಂತಾಳೆ. ಮುಂದೆ ಹೋಟೆಲ್‌ನ ಗೋಲ್ಡ್ ರೂಮ್ ಬಾರ್‌ನಲ್ಲಿ ಜ್ಯಾಕ್ ಅದೇ ಘಟನೆ ನಡೆದು ಮೂರು ವರ್ಷ ಆಯ್ತು ಅಂತ ರೇಗ್ತಾನೆ. ಐದು ತಿಂಗಳು ಎಲ್ಲಿ, ಮೂರು ವರ್ಷ ಎಲ್ಲಿ? ಅಂದ್ರೆ ಮಗುವಿಗೆ ಪೆಟ್ಟಾದ ಮೇಲೂ ಎರಡೂವರೆ ವರ್ಷ ಕುಡಿತ ನಡೆದಿದೆ, ಇಲ್ಲಾ ಇಬ್ಬರಲ್ಲೊಬ್ಬರು ಸುಳ್ಳು ಹೇಳ್ತಿದ್ದಾರೆ. ಹೋಟೆಲ್‌ಗೆ ಕಾಲಿಡೋ ಮೊದಲೇ ಆ ಸಂಸಾರ ಬಿರುಕು ಬಿಟ್ಟಿತ್ತು ಅನ್ನೋದಕ್ಕೆ ಇಷ್ಟು ಸಾಕು. 119ರಲ್ಲಿ ವೆಂಡಿಯ ಮಾತೇ ಇಲ್ಲದ್ದರಿಂದ ಜ್ಯಾಕ್ ಹೇಳೋ ಲೆಕ್ಕ ಯಾರ ಕಿವಿಗೂ ಬೀಳಲ್ಲ. ತಮಾಷೆ ಅಂದ್ರೆ, ಡಾಕ್ಟರ್ ಪಾತ್ರದ ಆ್ಯನ್ ಜಾಕ್ಸನ್, ಗ್ಯಾರೇಜ್‌ನವನ ಪಾತ್ರದ ಟೋನಿ ಬರ್ಟನ್ ಇಬ್ಬರ ಹೆಸರೂ ಅದರ ಟೈಟಲ್‌ನಲ್ಲಿ ಉಳಿದಿದೆ, ಆಸಾಮಿಗಳು ಮಾತ್ರ ನಾಪತ್ತೆ.

ಕತ್ತರಿ_ಪ್ರಿಯ:

ನಾನು 119ರ ಕಡೆ. ಉದ್ದದ ಆವೃತ್ತಿಯ ಕೊನೇ ಭಾಗದಲ್ಲಿ ಜೇಡರಬಲೆ ಕಟ್ಟಿದ ಅಸ್ಥಿಪಂಜರಗಳು ಹೋಟೆಲ್‌ನಲ್ಲಿ ಕೂತಿರೋದು ವೆಂಡಿಗೆ ಕಾಣುತ್ತೆ. ಜಾತ್ರೆಯ ದೆವ್ವದ ಮನೆ! ಅಲ್ಲಿಯವರೆಗೆ ಬೆಳಕಿನಲ್ಲೇ ಹೆದರಿಸಿದ ಚಿತ್ರ ಅಲ್ಲೊಂದು ಕ್ಷಣ ಅಗ್ಗವಾಗುತ್ತೆ. ಚಿಕ್ಕದರಲ್ಲಿ ಅದು ಇಲ್ಲ. ಡಾಕ್ಟರ್ ದೃಶ್ಯದ ಬಗ್ಗೆ ರೀಲು_ಪೆಟ್ಟಿಗೆ ಹೇಳಿದ್ದು ನಿಜ. ಆದ್ರೆ ಮನೆಯ ಹಿನ್ನೆಲೆ ಮೊದಲೇ ಗೊತ್ತಾದ್ರೆ ಪ್ರೇಕ್ಷಕ ‘ಓ, ಕುಡುಕನ ಕಥೆ’ ಅಂತ ಷರಾ ಬರೆದು ಆರಾಮಾಗಿ ಕೂತುಬಿಡ್ತಾನೆ.

ಪುಟ_217:

ಕಾದಂಬರಿ ಓದಿದವರ ಸಿಟ್ಟಿಗೆ ಕಾರಣ ಇದೆ. ಸ್ಟೀಫನ್ ಕಿಂಗ್‌ನ 1977ರ ಪುಸ್ತಕದಲ್ಲಿ ಜ್ಯಾಕ್ ಮೂಲತಃ ಮಗನನ್ನ ಪ್ರೀತಿಸೋ ಮನುಷ್ಯ, ಹೋಟೆಲ್ ಅವನನ್ನ ನಿಧಾನಕ್ಕೆ ತಿನ್ನುತ್ತೆ. ಕೊನೆಗೆ ಬಾಯ್ಲರ್ ಸಿಡಿದು ಹೋಟೆಲ್ಲೇ ಸುಟ್ಟುಹೋಗುತ್ತೆ, ಅಡುಗೆಯವ ಹ್ಯಾಲೊರನ್ ಬದುಕ್ತಾನೆ. ಸಿನಿಮಾದಲ್ಲಿ ಹ್ಯಾಲೊರನ್ ಅಷ್ಟು ದೂರದಿಂದ ಬಂದು ಒಂದೇ ಕೊಡಲಿ ಏಟಿಗೆ ಸಾಯ್ತಾನೆ, ಜ್ಯಾಕ್ ಪೊದೆಗಳ ಚಕ್ರವ್ಯೂಹದಲ್ಲಿ ಹೆಪ್ಪುಗಟ್ಟುತ್ತಾನೆ, ಹೋಟೆಲ್‌ಗೆ ಒಂದು ಗೀರೂ ಬೀಳಲ್ಲ. ಕಿಂಗ್‌ಗೆ ಇದು ಹಿಡಿಸಲೇ ಇಲ್ಲ. 1997ರಲ್ಲಿ ತಾನೇ ಚಿತ್ರಕಥೆ ಬರೆದು ಟಿವಿ ಸರಣಿ ಮಾಡಿಸಿದ.

‘ಜ್ಯಾಕ್ ಪಾತ್ರದ ನಿಕಲ್ಸನ್ ಮೊದಲ ದೃಶ್ಯದಲ್ಲೇ ಹುಚ್ಚನ ಹಾಗೆ ಕಾಣ್ತಾನೆ’ ಅನ್ನೋ ಆಕ್ಷೇಪ ಇಲ್ಲಿಂದಲೇ ಬಂದದ್ದು. ಆದ್ರೆ ಕುಬ್ರಿಕ್ ಮತ್ತು ಡಯೇನ್ ಜಾನ್ಸನ್ ಬರೆದದ್ದು ಒಳ್ಳೆಯವನ ಪತನ ಅಲ್ಲವೇ ಅಲ್ಲ. ಹೋಟೆಲ್‌ಗೆ ಕಾರಿನಲ್ಲಿ ಹೋಗುವಾಗ ಹೆಂಡತಿ, ಮಗನ ಮಾತಿಗೆ ಅವನು ಉತ್ತರಿಸೋ ಧಾಟಿ ಗಮನಿಸಿ. ಇವನು ಯಾವಾಗ ಕೆಡ್ತಾನೆ ಅಂತ ಕಾಯೋರಿಗೆ ಚಿತ್ರ ನಿಧಾನ. ಇವನ ಜೊತೆ ಚಳಿಗಾಲವಿಡೀ ಬಾಗಿಲು ಹಾಕಿಕೊಂಡು ಇರಬೇಕಲ್ಲಪ್ಪಾ ಅಂದುಕೊಂಡು ನೋಡೋರಿಗೆ ಮೊದಲ ದೃಶ್ಯದಿಂದಲೇ ಹೊಟ್ಟೆಯಲ್ಲಿ ಸಂಕಟ.

ವೆಂಡಿ ಪಾತ್ರದ ಶೆಲ್ಲಿ ಡುವಾಲ್ ಬಗ್ಗೆಯೂ ಹೀಗೇ. ಕೆಟ್ಟ ಸಿನಿಮಾಗಳನ್ನ ಗೇಲಿ ಮಾಡೋ ರಾಝಿ ಪ್ರಶಸ್ತಿಯವರು ತಮ್ಮ ಮೊದಲ ವರ್ಷವೇ ಅವಳನ್ನ ಕೆಟ್ಟ ನಟಿ, ಕುಬ್ರಿಕ್‌ನನ್ನ ಕೆಟ್ಟ ನಿರ್ದೇಶಕ ಪಟ್ಟಕ್ಕೆ ನಾಮನಿರ್ದೇಶನ ಮಾಡಿದ್ದರು. 2022ರಲ್ಲಿ ಡುವಾಲ್ ಹೆಸರು ಹಿಂತೆಗೆದುಕೊಂಡರು. ಮೆಟ್ಟಿಲ ಮೇಲೆ ಬ್ಯಾಟ್ ಬೀಸುತ್ತಾ ಹಿಂದಕ್ಕೆ ಹತ್ತೋ ದೃಶ್ಯದಲ್ಲಿ ಅವಳ ಕೈಗಳನ್ನ ನೋಡಿ. ಹೊಡೆಯೋಕೆ ಬಾರದವಳು ಹೊಡೆಯಲೇಬೇಕಾದಾಗ ಬ್ಯಾಟ್ ಹಿಡಿಯೋದು ಹಾಗೇ.

ಇನ್ನು ದೆವ್ವ ನಿಜವಾ, ಭ್ರಮೆಯಾ ಅನ್ನೋ ಚರ್ಚೆ. ಜ್ಯಾಕ್ ದೆವ್ವದ ಜೊತೆ ಮಾತಾಡೋ ಕಡೆಯೆಲ್ಲ ಹೆಚ್ಚಾಗಿ ಎದುರಿಗೊಂದು ಕನ್ನಡಿ ಇರುತ್ತೆ: ಬಾರ್‌ನ ಹಿಂಬದಿ, 237ನೇ ಕೋಣೆಯ ಬಚ್ಚಲು, ಕೆಂಪು ಶೌಚಾಲಯ. ಹಾಗಾಗಿ ಭ್ರಮೆ ಅನ್ನಬಹುದು. ಆದ್ರೆ ವೆಂಡಿ ಅವನನ್ನ ಉಗ್ರಾಣದಲ್ಲಿ ಕೂಡಿಹಾಕಿದಾಗ ಕನ್ನಡಿ ಇಲ್ಲ, ಹೋಟೆಲ್‌ನ ಹಿಂದಿನ ಕಾವಲುಗಾರ ಗ್ರೇಡಿಯ ದೆವ್ವದ ಧ್ವನಿ ಮಾತ್ರ. ಹೊರಗಿನ ಚಿಲಕ ತೆರೆಯುವ ಸದ್ದು ಕೇಳುತ್ತೆ. ಆ ಚಿಲಕ ತೆಗೆದವರು ಯಾರು? ನಿಮ್ಮ ಚರ್ಚೆ ಇಲ್ಲಿಂದ ಶುರುಮಾಡಿಸಿ.

ಶಬ್ದದ_ಮೇಷ್ಟ್ರು:

ತೋರಿಸೋ ವಿಷಯಕ್ಕೆ ಬರೋಣ. ಬೇಜಾರು ಅನ್ನೋರಲ್ಲಿ ಅರ್ಧ ಜನ ಕೆಟ್ಟ ಸೆಟ್ಟಿಂಗ್‌ನಲ್ಲಿ ನೋಡಿರ್ತಾರೆ.

ಮೊದಲು ಅವಧಿ ನೋಡಿ. ಹಳೇ ಪಾಲ್ (ಯುರೋಪಿನ ಟಿವಿ ಪದ್ಧತಿ) ಡಿವಿಡಿಗಳು 24ರ ಬದಲು 25 ಫ್ರೇಮ್ ವೇಗದಲ್ಲಿ ಓಡೋದರಿಂದ 119 ಅಲ್ಲಿ ಸುಮಾರು 114 ಆಗುತ್ತೆ, ಸಂಗೀತದ ಶ್ರುತಿಯೂ ಚೂರು ಏರುತ್ತೆ. 2019ರ 4ಕೆ ಡಿಸ್ಕ್ 144ರದ್ದು, ಅದು ಸಿಕ್ಕರೆ ಯೋಚನೆ ಬೇಡ. ಚಿತ್ರ ಚೌಕಾಕಾರದಲ್ಲಿ ಕಾಣೋ ಹಳೇ ಡಿವಿಡಿ ಬೇಡ. ಥಿಯೇಟರ್‌ನಲ್ಲಿ ಮರೆಯಾಗ್ತಿದ್ದ ಮೇಲಿನ, ಕೆಳಗಿನ ಭಾಗ ಅದರಲ್ಲಿ ಕಾಣೋದರಿಂದ ಆರಂಭದ ಬೆಟ್ಟದ ದೃಶ್ಯದಲ್ಲಿ ಹೆಲಿಕಾಪ್ಟರ್ ನೆರಳು ಎದ್ದು ಕಾಣುತ್ತೆ.

ಪ್ರೊಜೆಕ್ಟರ್‌ನಲ್ಲಿ ಚಲನೆ ನಯಗೊಳಿಸೋ ಆಯ್ಕೆ (ಮೋಷನ್ ಸ್ಮೂತಿಂಗ್) ಇದ್ದರೆ ಆಫ್ ಮಾಡಿ. ಗ್ಯಾರೆಟ್ ಬ್ರೌನ್‌ನ ಸ್ಟೆಡಿಕ್ಯಾಮ್ (ನಡೆಯುವಾಗಲೂ ಅಲುಗದ ಕ್ಯಾಮೆರಾ) ನೆಲದಿಂದ ಗೇಣೆತ್ತರದಲ್ಲಿ ಮಗುವಿನ ಸೈಕಲ್ ಹಿಂದೆ ಹೋಗುತ್ತಲ್ಲ, ಆ ಆಯ್ಕೆ ಹಾಕಿದ್ರೆ ಅದು ಟಿವಿ ಧಾರಾವಾಹಿ ಥರ ಕಾಣುತ್ತೆ.

ಸದ್ದಿಗೆ ಸಣ್ಣ ಬ್ಲೂಟೂತ್ ಸ್ಪೀಕರ್ ಸಾಲದು. ಮರದ ನೆಲದ ಮೇಲೆ ಚಕ್ರದ ಗುಡುಗು, ಜಮಖಾನದ ಮೇಲೆ ಮೌನ, ಮತ್ತೆ ಗುಡುಗು. ಕೆಳಸ್ವರ ಹೋದ್ರೆ ಆ ದೃಶ್ಯವೇ ಹೋಯ್ತು. ಚಿತ್ರ ಮೊದಲು ಮೋನೋದಲ್ಲಿ (ಒಂದೇ ಚಾನೆಲ್‌ನ ಸದ್ದು) ಬಂದದ್ದು, ಹಾಗಾಗಿ ಸರೌಂಡ್ ಇಲ್ಲದಿದ್ದರೂ ನಷ್ಟವಿಲ್ಲ, ಒಳ್ಳೇ ಎರಡು ಸ್ಪೀಕರ್ ಪರದೆಯ ಪಕ್ಕ ಇಟ್ಟರೆ ಸಾಕು. ‘ನೈಟ್ ಮೋಡ್’ ಬೇಡ, ಅದು ಸಣ್ಣ ಸದ್ದು, ದೊಡ್ಡ ಸದ್ದು ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತೆ. 237ರ ಬಾಗಿಲ ಹಿಡಿಯನ್ನ ಡ್ಯಾನಿ ಮುಟ್ಟುವಾಗ ಬಾರ್ಟೋಕ್ ಸಂಗೀತ ಮೆಲ್ಲಗೆ ಕೇಳಿದ್ರೇ ಚಂದ.

ಹಿಂದಿನ_ಸಾಲು:

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. 144ರದ್ದೇ ಹಾಕ್ತೀವಿ. ಇಂಟರ್ವಲ್ ಕೊಡದಿದ್ರೆ ನಮ್ಮವರು ಬಿಡಲ್ಲ. ಎಲ್ಲಿ ನಿಲ್ಲಿಸೋದು?

ರೀಲು_ಪೆಟ್ಟಿಗೆ:

ಜ್ಯಾಕ್ 237ರಿಂದ ವಾಪಸ್ ಬಂದು ‘ಅಲ್ಲಿ ಏನೂ ಇರಲಿಲ್ಲ’ ಅಂತ ವೆಂಡಿಗೆ ಹೇಳೋ ಮಾತು ಮುಗಿದ ಮೇಲೆ. ಅರ್ಧ ದಾಟಿರುತ್ತೆ, ಅವನು ಅಲ್ಲಿ ಕಂಡದ್ದು ಪ್ರೇಕ್ಷಕರಿಗೆ ಮಾತ್ರ ಗೊತ್ತಿರುತ್ತೆ, ಕಾಫಿ ಹೊತ್ತಲ್ಲಿ ಮಾತಾಡೋಕೆ ವಿಷಯ ಆಯ್ತು. ಕಪ್ಪು ಪರದೆಯ ಶೀರ್ಷಿಕೆಗಳ ಹತ್ತಿರ ನಿಲ್ಲಿಸಬೇಡಿ. ‘ಒಂದು ತಿಂಗಳ ನಂತರ’ ಅಂತಿದ್ದದ್ದು ವಾರದ ದಿನಗಳಾಗಿ, ಆಮೇಲೆ ಬೆಳಗ್ಗೆ 8, ಸಂಜೆ 4 ಅಂತ ಗಂಟೆಗೆ ಇಳಿಯುತ್ತೆ. ಆ ಲಯ ತಪ್ಪಬಾರದು. ಲೈಟ್ ಹಾಕೋರಿಗೂ ಹೇಳಿಡಿ, 1921ರ ಫೋಟೋ ಬಂದ ತಕ್ಷಣ ಸ್ವಿಚ್ ಒತ್ತೋದು ಬೇಡ. ಕೊನೆಯ ಟೈಟಲ್‌ಗಳ ಹಾಡು ಮುಗಿದ ಮೇಲೂ ಪಾರ್ಟಿಯವರ ಚಪ್ಪಾಳೆ, ಗುಸುಗುಸು ಇದೆ, ಅದು ಚಿತ್ರದ್ದೇ ಭಾಗ.